ಹಾಜರಿ ಪುಸ್ತಕದಲ್ಲಿ ನಾನಿರಲಿಲ್ಲ

ನಾನು ವರ್ಷವಿಡೀ ಗೈರುಹಾಜರಿದ್ದೆ ಎಂದು ನನಗೆ ಮೊದಲು ತಿಳಿಸಿದವರು ಕಾಲೇಜಿನ ಗುಮಾಸ್ತ ವೆಂಕಣ್ಣನವರು. ಹಗಲೆಲ್ಲ ಹುಬ್ಬಳ್ಳಿಯಲ್ಲಿ, ಸೈನ್ಯಕ್ಕೆ ಕಂಬಳಿ ಕಳಿಸುತ್ತಿದ್ದ ನೇಕಾರ ಸಂಘದಲ್ಲಿ ದುಡಿಯುತ್ತಿದ್ದ ನಾನು ಮುಂಜಾನೆಯ ವ್ಯಾಪಾರಶಾಸ್ತ್ರದ ತರಗತಿಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಪರೀಕ್ಷೆ ಪಾಸಾದರೆ ಮಾತ್ರ ಸಂಘದ ಮ್ಯಾನೇಜರ್ ಕೆಲಸ ನನಗೆ ಖಾಯಂ ಆಗುತ್ತಿತ್ತು.

“ದಿನಾ ನಿಮ್ಮನ್ನ ನೋಡೇನ್ರಿ, ಖರೇ. ಆದ್ರ ಹೆಸರು ಕೂಗಿದಾಗ ‘ಹಾಜರ್’ ಅಂದವ್ರಿಗಷ್ಟ ಗುರುತು. ಹಾಜರಿ ಇಲ್ಲಂದ್ರ ಪರೀಕ್ಷಾ ಇಲ್ಲ,” ಎಂದರು ವೆಂಕಣ್ಣ.

ನಮ್ಮ ಮಾಸ್ತರರು ನನಗಿಂತ ಹದಿನೈದು ವರ್ಷ ಚಿಕ್ಕವರು. ವೆಂಕಣ್ಣನವರ ಮುಂದೆಯೇ ಕೇಳಿದರೆ ತಲೆ ತಗ್ಗಿಸಿದರು. “ಹಿರೇ ಹೆಣ್ಮಕ್ಕಳನ್ನ ಹೆಸರು ಹಿಡಿದು ಹ್ಯಾಂಗ ಕೂಗ್ಲಿರಿ, ಬಾಯಾರ? ನಾಲಿಗಿ ಏಳಲಿಲ್ಲ.” ದಿನಾ ನನ್ನ ಹೆಸರು ಬಾರದಿದ್ದರೂ, ಎದುರಿಗೇ ಕೂತಿದ್ದೇನಲ್ಲ, ನೋಡಿ ಗುರುತು ಹಾಕಿರುತ್ತಾರೆಂದು ನಾನೂ ವರ್ಷವಿಡೀ ಕೇಳಿರಲಿಲ್ಲ.

“ಈಗ ಕೂಗ್ರಿ, ಅಷ್ಟೂ ದಿನದ್ದು. ಮರ್ಯಾದಿ ಆಮ್ಯಾಲ ಕೊಡ್ರಿ,” ಎಂದೆ.

“ಕೂಗಿದ್ರ ನಂದೇನ ತಕರಾರಿಲ್ಲ,” ಎಂದು ವೆಂಕಣ್ಣ ಪುಸ್ತಕ ಬಿಚ್ಚಿ ಕುಳಿತರು. ಮಾಸ್ತರರು ಬೆವರುತ್ತ ಒಂದೊಂದು ದಿನಕ್ಕೂ ನನ್ನ ಹೆಸರು ಕೂಗಿದರು, ನಾನು ‘ಹಾಜರ್’ ಎನ್ನುತ್ತ ಹೋದೆ. ಮದುವೆಯಾದ ಮೇಲೆ ಯಾರೂ ನನ್ನನ್ನು ಅಷ್ಟು ಸಲ ಹೆಸರಿನಿಂದ ಕರೆದಿರಲಿಲ್ಲ. ಪರೀಕ್ಷೆಗೆ ಕೂತೆ.

ಓದಲು ಹೊರಟ ಹೆಣ್ಣುಮಕ್ಕಳು ಕಂಡರೆ ಹೇಳಿರಿ: ಬಹಳ ಗೌರವ ಕೊಡುವವರಿಂದ ಮೊದಲ ದಿನವೇ ಹೆಸರು ಕೂಗಿಸಿಕೊಂಡುಬಿಡಲಿ.