ಗೆರೆಗೆ ಹೆಸರು ಕೇಳುತ್ತಿದ್ದ ನರಸಯ್ಯ ಮೇಷ್ಟ್ರು

ಹೆಸರು ಬರೆಯದ ಗೆರೆ ಕಂಡರೆ ನರಸಯ್ಯ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಣೆ ಉಜ್ಜಿಕೊಂಡು, "ಇವನ್ಯಾರಮ್ಮಾ?" ಎನ್ನುತ್ತಿದ್ದರು. ಗ್ರಾಫಿನ ಮೇಲಿನ ವಕ್ರರೇಖೆಗಳೆಲ್ಲ ಅವರಿಗೆ ಮನುಷ್ಯರೇ. "ಸೈನೋ, ಲಾಗೋ, ಯಾರಾದ್ರೂ ಆಗ್ಲಿ. ಹೆಸರೇ ಹೇಳ್ದೆ ಮನೆಯೊಳಗೆ ಬಂದು ಕೂತ್ರೆ ಹೆಂಗೆ ಮಾತಾಡ್ಸೋದು?"

ಮುಳಬಾಗಿಲಿನ ಕಾಲೇಜಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ನಾನು ಹೊಸದಾಗಿ ಸೇರಿದ ಸಂಖ್ಯಾಶಾಸ್ತ್ರದ ಉಪನ್ಯಾಸಕಿ. ಎಂಬತ್ತರ ದಶಕದ ಆರಂಭ. ಬೆಂಗಳೂರಿನ ಸಂಸ್ಥೆಯೊಂದು ಶನಿವಾರಗಳಂದು ತನ್ನ ಕಂಪ್ಯೂಟರ್ ಬಳಸಲು ನಮಗೆ ಬಿಡುತ್ತಿತ್ತು. ಅಂಕಿಅಂಶಗಳಿಗೆಂದೇ ಮಾಡಿದ ಭಾಷೆಯೊಂದರಲ್ಲಿ ಆಜ್ಞೆ ಕೊಟ್ಟರೆ ಅದು ಗೆರೆ ಎಳೆಯುತ್ತಿತ್ತು. ಹೆಸರನ್ನು ಮಾತ್ರ ನಾವೇ ಕೊಡಬೇಕು, ಅದು ಹಾಳೆಯ ಮೇಲೆ ಎಲ್ಲಿ ಬೀಳಬೇಕೆಂಬುದನ್ನೂ ನಾವೇ ಹೇಳಬೇಕು. ಸ್ವಲ್ಪ ತಪ್ಪಿದರೆ ಅಕ್ಷರಗಳು ಗೆರೆಯ ಮೇಲೆಯೇ ಬಿದ್ದು ಎರಡೂ ಕಾಣುತ್ತಿರಲಿಲ್ಲ. ಮತ್ತೆ ಶನಿವಾರ, ಮತ್ತೆ ಬಸ್ಸು. ಉಬ್ಬಸದ ಮೇಷ್ಟ್ರು ಕಿಟಕಿಗೆ ತಲೆಯಾನಿಸಿ, "ಒಂದು ಹೆಸರಿಗೆ ಒಂದು ವಾರ ಹೋಯ್ತಲ್ಲಮ್ಮ" ಎಂದು ಕಣ್ಣು ಮುಚ್ಚುತ್ತಿದ್ದರು. ಆದರೂ ಹೆಸರಿಲ್ಲದ ಹಾಳೆಯನ್ನು ಯಾರ ಕೈಗೂ ಕೊಟ್ಟವರಲ್ಲ.

ಆ ವರ್ಷ ಗೌನಿಪಲ್ಲಿಯ ರೈತರಿಗಾಗಿ ನಾವೊಂದು ಗ್ರಾಫ್ ಮಾಡಿದೆವು. ಹಿಪ್ಪುನೇರಳೆ ಸೊಪ್ಪು ಎಂಟು ದಿನಕ್ಕೊಮ್ಮೆ ನೀರು ಕಟ್ಟಿದರೆ ಹೇಗೆ ಬೆಳೆಯುತ್ತದೆ, ಹದಿನೈದು ದಿನಕ್ಕೊಮ್ಮೆ ಕಟ್ಟಿದರೆ ಹೇಗೆ ಎಂದು ಎರಡು ಗೆರೆಗಳು. ಮೇಷ್ಟ್ರಿಗೆ ಜ್ವರವಿದ್ದುದರಿಂದ ಅಂದು ನಾನೊಬ್ಬಳೇ ಹೋಗಿ ಹೆಸರು ಕೂರಿಸಿ ತಂದೆ. ಅದರ ಕೆಳಗೆ ಅದೇ ಹೆಸರುಗಳನ್ನು ಕನ್ನಡದಲ್ಲಿ ಶಾಯಿಯಿಂದ ಬರೆದು, ಗೌನಿಪಲ್ಲಿಯ ಶಾಲೆಯ ಗೋಡೆಗೂ ನಾನೇ ಅಂಟಿಸಿ ಬಂದೆ.

ಎರಡು ತಿಂಗಳ ನಂತರ ನನ್ನ ಬಳಿಯಿದ್ದ ಪ್ರತಿಯನ್ನು ನೋಡುತ್ತಿದ್ದ ಮೇಷ್ಟ್ರು ಕನ್ನಡಕ ತೆಗೆದರು.

"ಮೇಲಿನವನು ಯಾರಮ್ಮ?"

"ಹದಿನೈದು ದಿನದ್ದು ಸರ್."

"ನೀರು ಕಮ್ಮಿಯಾದ್ರೆ ಸೊಪ್ಪು ಜಾಸ್ತಿ ಬರುತ್ತಾ?"

ಹೆಸರುಗಳು ಅದಲುಬದಲಾಗಿದ್ದವು. ಶಾಲೆಗೆ ಕಾಗದ ಬರೆಯುತ್ತೇನೆ ಎಂದೆ.

"ಬೇಡ. ಅದನ್ನ ನಂಬಿ ಯಾರು ಏನು ಮಾಡಿಕೊಂಡಿದಾರೋ. ಹೋಗಿ ನೋಡ್ಬೇಕು."

ಗೌನಿಪಲ್ಲಿಗೆ ಹೋಗಿ ವಿಚಾರಿಸಿದರೆ, ಆ ಹಾಳೆಯನ್ನು ನಂಬಿದ್ದು ಒಬ್ಬರೇ, ಮುನಿಯಮ್ಮ. ಅವರ ಬಾವಿಯಲ್ಲಿ ನೀರು ಕಡಿಮೆ; ಹದಿನೈದು ದಿನಕ್ಕೊಮ್ಮೆ ಸಾಕು ಎಂಬ ಮಾತು ಅವರಿಗೆ ಬೇಕಾಗಿತ್ತು. ಸೊಪ್ಪು ಸಾಲದೆ ಅರ್ಧದಷ್ಟು ರೇಷ್ಮೆ ಹುಳುಗಳನ್ನು ತಿಪ್ಪೆಗೆ ಸುರಿದಿದ್ದರು.

"ಓದಿದೋರು ಬರ್ದಿದೀರಾ ಅಂದ್ಕೊಂಡೆ. ಏಮಿ ಚೇಸೇದಿ ಸಾಮಿ, ಏನ್ ಮಾಡೋದು?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಬಿಸಿಲಲ್ಲಿ ನಡೆದು ಏದುಸಿರು ಬಿಡುತ್ತಿದ್ದ ಮೇಷ್ಟ್ರು ಕೈಮುಗಿದರು. "ತಪ್ಪು ನಂದು ತಾಯಿ. ನೋಡ್ದೆ ಕಳಿಸ್ಬಿಟ್ಟೆ."

ನಾನು ತಿಪ್ಪೆಯತ್ತ ಮುಖ ತಿರುಗಿಸಿದೆ. ಮುಂದೆ ಅವರೆಂದೂ ಆ ಮಾತು ಎತ್ತಲಿಲ್ಲ.

ನನಗೆ ಕೋಲಾರಕ್ಕೆ ವರ್ಗವಾಯಿತು, ಅವರು ನಿವೃತ್ತರಾದರು. ಒಮ್ಮೆ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು, ತುಂಬ ಇಳಿದುಹೋಗಿದ್ದರು. ಎಲ್ಲಿಂದ ಬರುತ್ತಿದ್ದೀರಿ ಎಂದು ಕೇಳಿದೆ.

"ಗೌನಿಪಲ್ಲಿ. ವರ್ಷಕ್ಕೊಂದ್ಸಲ ಹೋಗಿ ಆಯಮ್ಮನ ತೋಟ ನೋಡ್ಕೊಂಡು ಬರ್ತೀನಿ. ಈ ಸಲ ಪರವಾಗಿಲ್ಲ."

ನಾನು ಒಮ್ಮೆಯೂ ಹೋಗಿರಲಿಲ್ಲ. ಬಸ್ಸು ಬಂತು, ಮೆಟ್ಟಿಲ ಕಂಬಿ ಹಿಡಿದು ಉಸಿರು ಸುಧಾರಿಸಿಕೊಂಡು ಹತ್ತಿದರು.

ಮರುವರ್ಷ ಅವರು ತೀರಿಕೊಂಡ ಸುದ್ದಿ ತಿಳಿದು ಗೌನಿಪಲ್ಲಿಗೆ ಹೋದೆ. ಸೊಪ್ಪು ಕೊಯ್ಯುತ್ತಿದ್ದ ಮುನಿಯಮ್ಮ ತಲೆಯೆತ್ತಿ ನನ್ನ ಹಿಂದಿನ ದಾರಿ ನೋಡಿದರು.

"ಮೇಷ್ಟ್ರು ಹಿಂದೆ ಬರ್ತಾವ್ರಾ?"

"ಇಲ್ಲಮ್ಮ," ಎಂದೆ. "ಅವತ್ತು ತಪ್ಪು ಬರೆದವಳು ನಾನು."