ಹಿಮದ ದೋಣಿಗೆ ಬೂತಾಯಿ ಎಣ್ಣೆ

ಬಾಲ್ಯ ಎಂದರೆ ಕೆಲವರಿಗೆ ಮಲ್ಲಿಗೆಯ ಪರಿಮಳವಂತೆ, ಕೆಲವರಿಗೆ ಅಜ್ಜಿಯ ಸೀರೆಯ ವಾಸನೆಯಂತೆ. ಅಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನನ್ನ ಬಾಲ್ಯ ನಾರುತ್ತದೆ. ಕಳೆದ ಶುಕ್ರವಾರ ಬೆಳಗ್ಗೆ ಐದು ವರ್ಷದ ಮಗ ಡಾಕ್ಟರು ಬರೆದುಕೊಟ್ಟ ಮೀನೆಣ್ಣೆಯ ಗುಳಿಗೆಯನ್ನು ನುಂಗುವ ಬದಲು ಕಚ್ಚಿ, "ಯಕ್, ಮಮ್ಮಾ!" ಎಂದು ನನ್ನ ಅಂಗೈಗೆ ಉಗಿದ. ಹಳದಿ ಎಣ್ಣೆ ಬೆರಳ ಸಂದಿಯಲ್ಲಿ ಇಳಿಯಿತು. ಎರಡು ಸಲ ಸೋಪು ಹಾಕಿ ತೊಳೆದೆ, ನಿಂಬೆಹಣ್ಣು ತಿಕ್ಕಿದೆ, ಹೋಗಲಿಲ್ಲ. ಕುವೈತಿನ ಸಲ್ವಾದ ಈ ಚೊಕ್ಕ ಫ್ಲ್ಯಾಟಿನ ಸಿಂಕಿನ ಮುಂದೆ ನಿಂತಿದ್ದವಳನ್ನು ಆ ವಾಸನೆ ಕುತ್ತಿಗೆ ಹಿಡಿದು ಹತ್ತೊಂಬತ್ತು ವರ್ಷ ಹಿಂದಕ್ಕೆ, ಅಬ್ಬಾಸಿಯಾದ ಎರಡು ಕೋಣೆಯ ಮನೆಗೆ ಎಳೆದುಕೊಂಡು ಹೋಯಿತು. ನಾನು ಹೋಗಬಯಸುವ ಜಾಗ ಅದಲ್ಲ.

ಆ ಮನೆಯಲ್ಲಿ ನಾವು ಮೂವರು, ಪಪ್ಪ, ಅಮ್ಮ ಮತ್ತು ನಾನು. ಪಪ್ಪ ಮಲ್ಪೆಯ ಕಡೆಯವರು; ಅವರ ಅಪ್ಪ, ಅಜ್ಜ ಎಲ್ಲ ಮರದ ದೋಣಿ ಮಾಡಿದವರು. ಕುವೈತಿನಲ್ಲಿ ಪಪ್ಪ ಮಾಡುತ್ತಿದ್ದದ್ದು ನೀರಿನ ಟ್ಯಾಂಕು. ಫೈಬರ್ ಬಟ್ಟೆಯ ಮೇಲೆ ರೆಸಿನ್ ಎಂಬ ಗಾಟು ಅಂಟು ಬಳಿದು, ಒಣಗಿಸಿ, ಉಜ್ಜಿ, ಮಹಡಿಗಳ ಮೇಲೆ ಕೂರಿಸುವ ಕೆಲಸ. ವರ್ಕ್‌ಶಾಪಿನಿಂದ ಬಂದವರು ನೇರ ಬಚ್ಚಲಿಗೆ ಹೋಗಿ ಕೆಂಪು ಸೋಪಿನಲ್ಲಿ ಎರಡೆರಡು ಸಲ ಮೈ ಉಜ್ಜಿಕೊಂಡೇ ಹೊರಗೆ ಬರುತ್ತಿದ್ದರು. ಆಮೇಲೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಬರೀ ಸೋಪಿನ ವಾಸನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಾಲ್ಕನಿಯಲ್ಲಿ ಅಮ್ಮ ಎಣ್ಣೆ ಡಬ್ಬದಲ್ಲಿ ಬಸಳೆ ಬೆಳೆಸಿದ್ದಳು. ಕೆಳಗಿನ ಬಕಾಲಾದಲ್ಲಿ ಹಮೀದಾಕ ಸಾಮಾನು ಮಾರುತ್ತಿದ್ದರು; ಅವರು ಊರಿಗೆ ಹೋಗಿ ಬಂದಾಗಲೆಲ್ಲ ನಮಗೆ ಕುಚ್ಚಲಕ್ಕಿ, ಒಣಮೀನು. ಮನೆಯಲ್ಲಿ ತುಳು, ಸ್ಕೂಲಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ. ಅಷ್ಟು ಸಣ್ಣ ಮನೆಯನ್ನು ಕಳೆದುಕೊಳ್ಳುವ ಭಯವೂ ಇತ್ತು ಎಂಬುದು ನನಗೆ ಆ ವರ್ಷ ತಿಳಿಯಿತು. ಪಪ್ಪನ ಇಕಾಮಾದಲ್ಲಿ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯಲ್ಲಿ, ಬರೆದಿದ್ದದ್ದು ಸಾದಾ ಕೂಲಿ ಕೆಲಸ. ಅಂಥವರಿಗೆ ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳಲು ಪರವಾನಗಿ ಸಿಗುವುದು ಕಷ್ಟ. ವೀಸಾ ಕೊಟ್ಟ ಕಫೀಲನ ದಯೆಯಿಂದ ಅಷ್ಟು ದಿನ ನಡೆದಿತ್ತು, ಈ ಸಲ ಅವನು ಕೈ ಝಾಡಿಸಿದ್ದ. ಆರು ತಿಂಗಳಲ್ಲಿ ಬೇರೆ ದಾರಿ ಆಗದಿದ್ದರೆ ಅಮ್ಮನೂ ನಾನೂ ಊರಿಗೆ, ಪಪ್ಪ ಬ್ಯಾಚಲರ್ ರೂಮಿಗೆ.

ಆ ಹೊತ್ತಿಗೇ ಪಪ್ಪ ಒಂದು ಮಾಲ್‌ನ ಹಿಮದ ಹಾಲ್‌ಗೆ ನೀರಿನ ಟ್ಯಾಂಕು ಕೂರಿಸಲು ಹೋದದ್ದು. ಹೊರಗೆ ಕಾಗೆಯೂ ಕೂರದ ಬಿಸಿಲು, ಒಳಗೆ ಯಂತ್ರ ಉಗುಳಿದ ಹಿಮದ ಗುಡ್ಡ! ಜನ ದುಡ್ಡು ಕೊಟ್ಟು ಬಾಡಿಗೆ ಜಾಕೆಟ್ ಹಾಕಿಕೊಂಡು ಜಾರುತ್ತಿದ್ದರು. ಎಷ್ಟು ಮಂದಿಯ ಬೆವರು ಕುಡಿದ ಜಾಕೆಟ್‌ಗಳೋ, ಈಗ ನೆನೆದರೂ ಮೈ ಮುದುಡುತ್ತದೆ. ಜಾರಲು ಕೊಡುತ್ತಿದ್ದದ್ದು ಗಾಳಿ ತುಂಬಿದ ಟ್ಯೂಬು. ಅದು ಗಿರಗಿರ ತಿರುಗಿ, ಮಕ್ಕಳು ಹಿಂದುಮುಂದಾಗಿ ಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಮೂಗು ಒಡೆದುಕೊಳ್ಳುತ್ತಿದ್ದರು. ಟ್ಯಾಂಕು ಕೂರಿಸುವುದನ್ನು ಬಿಟ್ಟು ಪಪ್ಪ ಅದನ್ನೇ ನೋಡುತ್ತ ನಿಂತರಂತೆ. ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದರು, "ಅದಕ್ಕೆ ಅಡಿಯೇ ಇಲ್ಲ ಮಾರಾಯ್ತಿ. ಅಡಿಯಲ್ಲಿ ಏಣು ಇಲ್ಲದ್ದು ನೀರಿನಲ್ಲಿಯೂ ತಿರುಗ್ತದೆ, ಹಿಮದಲ್ಲಿಯೂ ತಿರುಗ್ತದೆ." ಜೀವಮಾನದಲ್ಲಿ ಹಿಮ ಕಂಡದ್ದು ಅದೇ ಮೊದಲು, ಆದರೂ ಮಾತಿನಲ್ಲಿ ಎಷ್ಟು ಧೈರ್ಯ! ಹಾಲ್‌ನ ಮ್ಯಾನೇಜರ್‌ಗೆ, ಎಲ್ಲರೂ ಮುದೀರ್ ಎಂದು ಕರೆಯುತ್ತಿದ್ದವನಿಗೆ, ಕೈಸನ್ನೆಯಲ್ಲೇ ಇದನ್ನು ತಿಳಿಸಿ ಬಂದಿದ್ದರು. ಅವನು ನಕ್ಕು, ಮಾಡಿ ತಾ, ಚೆನ್ನಾಗಿದ್ದರೆ ನಿನ್ನನ್ನು ನಮ್ಮ ಕಂಪನಿಗೆ ತೆಗೆದುಕೊಂಡು ಇಕಾಮಾದಲ್ಲಿ ಟೆಕ್ನೀಶಿಯನ್ ಎಂದು ಬರೆಸುತ್ತೇನೆ ಎಂದಿದ್ದ. ಟೆಕ್ನೀಶಿಯನ್ ಆದರೆ ನಾವು ಮೂವರೂ ಇಲ್ಲೇ ಇರಬಹುದಿತ್ತು. ಅಮ್ಮ ಆ ದಿನವೇ ಊರಿನ ದೈವಕ್ಕೆ ಹರಕೆ ಹೇಳಿಕೊಂಡಳು.

ಮುಂದಿನ ಎಷ್ಟೋ ಶುಕ್ರವಾರಗಳು ಕಟ್ಟಡದ ತಾರಸಿಯ ಮೇಲೆ ಕಳೆದವು. ಪಪ್ಪ ಮೊದಲು ನನ್ನನ್ನು ಹಳೆ ಪೇಪರಿನ ಮೇಲೆ ಕಾಲು ಚಾಚಿ ಕೂರಿಸಿ ಸುತ್ತ ಪೆನ್ಸಿಲ್ ಎಳೆದರು. ಅದೇ ಅಳತೆ. ಪ್ಲಾಸ್ಟರಿನಲ್ಲಿ ಅಚ್ಚು ಮಾಡಿ, ವರ್ಕ್‌ಶಾಪಿನಲ್ಲಿ ಮಿಕ್ಕಿದ ಫೈಬರ್ ಚೂರುಗಳನ್ನು ಕೇಳಿ ತಂದು, ಪದರದ ಮೇಲೆ ಪದರ ಕೂರಿಸಿದರು. ಮುಂದೆ ದೋಣಿಯ ಹಾಗೆ ಮೇಲೆದ್ದ ಮೂತಿ, ಹಿಮ ಮುಖಕ್ಕೆ ರಾಚದಂತೆ. ಅಡಿಯಲ್ಲಿ ಉದ್ದಕ್ಕೂ ಗೆರೆ ಎಳೆದಂತೆ ಉಬ್ಬಿದ ಎರಡು ಏಣು. ಕೂರುವಲ್ಲಿ ಸ್ವಲ್ಪ ತಗ್ಗು, ಬದಿಯಲ್ಲಿ ಹಿಡಿಯಲು ಹಗ್ಗ. ಎಲ್ಲರೂ ಸ್ಲೆಡ್ ಎನ್ನುವುದನ್ನು ಪಪ್ಪ ಕೊನೆಯವರೆಗೂ ದೋಣಿ ಎಂದೇ ಕರೆದರು. ರೆಸಿನ್ ಇನ್ನೂ ಹಸಿಯಾಗಿದ್ದಾಗ ನಾನು ಸುಮ್ಮನಿರಲಾರದೆ ಮೂತಿಯ ಮೇಲೆ ತೋರುಬೆರಳು ಒತ್ತಿದೆ. ಬೆರಳು ಅಂಟಿತು, ಉರಿಯಿತು, ನಾನು ಚೀರಿದೆ. ಪಪ್ಪ ಓಡಿಬಂದು ಬೆರಳನ್ನು ಬಟ್ಟೆಯಲ್ಲಿ ಒರೆಸಿ ಊದಿದರು. ಮೂತಿಯ ಮೇಲೆ ಒಂದು ಕುಳಿ ಉಳಿಯಿತು. ತುಂಬುತ್ತಾರೆ ಎಂದುಕೊಂಡೆ. "ಇರ್ಲಿ ಮಗಾ, ನಿನ್ನ ಸೈನ್ ಆಯ್ತು," ಎಂದು ಬಿಟ್ಟರು.

ಮೊದಲ ಪರೀಕ್ಷೆಯ ದಿನ ಹಾಲ್ ತೆರೆಯುವ ಮುಂಚೆ ಹೋದೆವು. ಹತ್ತು ವರ್ಷದ ನಾನು ಸವಾರಳೂ ಹೌದು, ದುಭಾಷಿಯೂ ಹೌದು. ಪಪ್ಪನ ಇಂಗ್ಲಿಷ್ ಎಸ್ಸು, ನೋ, ಯಲ್ಲಾಗಳಲ್ಲಿ ಮುಗಿಯುತ್ತಿತ್ತು. ದೋಣಿ ನೂಲು ಹಿಡಿದಂತೆ ನೇರ ಇಳಿಯಿತು. ಮುದೀರ್ ಚಪ್ಪಾಳೆ ತಟ್ಟಿದ. ವೇಗ ಸಾಲದು, ಮಕ್ಕಳಿಗೆ ವೇಗ ಬೇಕು, ಅದೊಂದನ್ನು ಸರಿಮಾಡು, ಮುಂದಿನ ಶುಕ್ರವಾರ ಮಾಲೀಕರ ಕಡೆಯವರು ಬರುತ್ತಾರೆ ಎಂದ. ಯಾರೇ ಆಗಿದ್ದರೂ ಅಂಗಡಿಗೆ ಹೋಗಿ ಮೇಣ ತಂದು ಉಜ್ಜುತ್ತಿದ್ದರು. ಆದರೆ ನಮ್ಮವರಿಗೆ ದೋಣಿಯ ಅಡಿ ಎಂದರೆ ಮೀನೆಣ್ಣೆ. ಮರದ ದೋಣಿಗೆ ಬೂತಾಯಿ ಮೀನಿನ ಎಣ್ಣೆ ಬಳಿದೇ ಕಡಲಿಗೆ ಇಳಿಸುವುದು ಅಜ್ಜಂದಿರ ಕಾಲದ ಕ್ರಮ. ರಜೆ ಮುಗಿಸಿ ಊರಿನಿಂದ ಹೊರಡಲಿದ್ದ ಹಮೀದಾಕನಿಗೆ ಫೋನು ಹೋಯಿತು. ಬಾಟಲಿ ಅವರ ಸೂಟ್‌ಕೇಸಿನಲ್ಲೇ ಸೋರಿ ಬಂತು. "ಮಾರಾಯಾ, ನನ್ನ ಪೆರ್ನಾಲ್ ಹಬ್ಬದ ಹೊಸ ಅಂಗಿ ಸಮೇತ ಹೋಯ್ತು. ಬಕಾಲಾದಲ್ಲಿ ಗಿರಾಕಿ ನಿಲ್ಲುದಿಲ್ಲ ಈಗ," ಎಂದು ಬೈದರು, ಆದರೂ ಉಳಿದ ಅರ್ಧ ಬಾಟಲಿ ಕೊಟ್ಟರು. ಬಿರಡೆ ತೆಗೆದಾಗ ಬಂದ ನಾತಕ್ಕೆ ಹೋಲಿಕೆ ಹುಡುಕಿ ಸೋತಿದ್ದೇನೆ. ಕೊಳೆತ ಮೀನು ಬಿಸಿಲಲ್ಲಿ ಒಂದು ವಾರ ಯೋಚಿಸಿ ಬಿಟ್ಟ ಉಸಿರು, ಅಷ್ಟೇ. ಪರದೆಗೆ, ಹಾಸಿಗೆಗೆ, ನನ್ನ ಯೂನಿಫಾರ್ಮಿಗೆ ಹತ್ತಿತು. ಸ್ಕೂಲ್ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ನಾಲ್ಕು ದಿನ ಖಾಲಿ ಇತ್ತು. "ಫಿಶ್ ಮಾರ್ಕೆಟ್" ಎಂದು ಹೆಸರಿಟ್ಟರು. ನನಗೆ ಪಪ್ಪನ ಮೇಲೆ ಹೇಸಿಗೆ ಹುಟ್ಟಿದ್ದು ಆ ನಾಲ್ಕು ದಿನಗಳಲ್ಲಿ. ಹತ್ತು ವರ್ಷದ ಮಕ್ಕಳಿಗೆ ಹೇಸಿಗೆ ಗೊತ್ತಾಗುವುದಿಲ್ಲ ಎನ್ನುವವರು ಹತ್ತು ವರ್ಷದವರಾಗಿದ್ದದ್ದನ್ನು ಮರೆತವರು.

ಅಮ್ಮ ಒಂದೇ ಮಾತು ಹೇಳಿದಳು. "ಎಸಿ ರೂಮಲ್ಲಿ ತೆಂಗಿನೆಣ್ಣೆಯೇ ಗಟ್ಟಿ ಆಗ್ತದೆ ಮಾರಾಯ್ರೆ, ಇದು ಆಗುದಿಲ್ವಾ?"

"ನಿನಗೆ ಅಡುಗೆ ಗೊತ್ತುಂಟು, ನನಗೆ ದೋಣಿ ಗೊತ್ತುಂಟು," ಎಂದರು ಪಪ್ಪ. ಗುರುವಾರ ಸಂಜೆ ಕೂತು ನನಗೆ ಇಂಗ್ಲಿಷಿನಲ್ಲಿ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಸಿದರು. ನನ್ನ ತಂದೆ ದೋಣಿ ಮಾಡುವ ಮನೆತನದವರು, ಇದು ತಿರುಗುವುದಿಲ್ಲ, ಮಕ್ಕಳಿಗೆ ಪೆಟ್ಟಾಗುವುದಿಲ್ಲ. ಮೂರೇ ಮಾತು. ಅಮ್ಮ ಬೆಳಗ್ಗೆ ಪಪ್ಪನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು.

ಅಮ್ಮ ಹೇಳಿದ್ದೇ ಆಯಿತು. ಮಾಲೀಕರ ಕಡೆಯವರು ಬರುವುದು ತಡವಾಗಿ ದೋಣಿ ಆ ಚಳಿಯಲ್ಲಿ ಅರ್ಧ ಗಂಟೆ ಕಾದಿತು. ಅಡಿಗೆ ಬಳಿದ ಎಣ್ಣೆ ಹಳೆ ತುಪ್ಪದ ಹಾಗೆ ಹೆಪ್ಪುಗಟ್ಟಿತು. ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ಇಬ್ಬರು ಕೆಳಗೆ ನಿಂತು ನೋಡುತ್ತಿದ್ದಂತೆ ನಾನು ಮೇಲಿನಿಂದ ಹೊರಟೆ. ದೋಣಿ ತೆವಳಿತು, ಗೊರಗೊರ ಅಂದಿತು, ಇಳಿಜಾರಿನ ನಡುವೆ ನಿಂತೇ ಬಿಟ್ಟಿತು. ಹಿಂದೆ ತಿರುಗಿದರೆ ಬಿಳಿ ಹಿಮದ ಮೇಲೆ ಹಳದಿ ಕಂದು ಗೆರೆ, ಮಗು ಹೇತಂತೆ. ಅಷ್ಟರಲ್ಲಿ ಫ್ಯಾನುಗಳು ಮುಚ್ಚಿದ ಆ ಹಾಲ್‌ನ ಮೂಲೆ ಮೂಲೆಗೂ ನಾತವನ್ನು ಹಂಚಿದ್ದವು. ಒಬ್ಬ ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿದ. "ಶುನು ಹಾದಾ?" ಏನಿದು ಎಂದು ಕೇಳಿದ. ಮುದೀರ್‌ಗೆ ಇನ್ನೂ ಸಿಟ್ಟು ಬಂದಿರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಅವನು ಹಿಂದಿನ ವಾರ ದೋಣಿ ಓಡಿದ್ದನ್ನು ಕಂಡಿದ್ದ. ನನ್ನ ಹತ್ತಿರ ಬಂದು ಬಾಗಿ, ಮಗೂ, ಇದೇನು ವಾಸನೆ, ಹೇಳು ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದ. ಮೇಲೆ ಪಪ್ಪ ಎರಡೂ ಕೈ ಮುಂದೆ ಕಟ್ಟಿ ನನ್ನನ್ನೇ ನೋಡುತ್ತಿದ್ದರು. ಹೇಳು ಮಗಾ, ಎಂದು ಅವರ ತುಟಿ ಅಲುಗಿತು. ಇದು ದೋಣಿಯ ಎಣ್ಣೆ, ಒರೆಸಿದರೆ ಹೋಗುತ್ತದೆ, ಎಣ್ಣೆ ಇಲ್ಲದೆಯೇ ಚೆನ್ನಾಗಿ ಓಡುತ್ತದೆ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ನಾನು ಪಪ್ಪನತ್ತ ಬೆರಳು ತೋರಿಸಿ, ಕ್ಲಾಸಿನಲ್ಲಿ ಪದ್ಯ ಒಪ್ಪಿಸುವಷ್ಟು ಸ್ಪಷ್ಟವಾಗಿ, "ಹಿ ಆಲ್ವೇಸ್ ಸ್ಮೆಲ್ಸ್ ಲೈಕ್ ದಿಸ್" ಎಂದೆ. ಅವನು ಯಾವಾಗಲೂ ಹೀಗೇ ನಾರುತ್ತಾನೆ. ನನ್ನ ತಂದೆ ಎನ್ನಲಿಲ್ಲ. ಸುಳ್ಳು ಬೇರೆ.

ಬಂದ ಇಬ್ಬರೂ ನಕ್ಕುಬಿಟ್ಟರು. ಅವರು ನಕ್ಕಿದ್ದಕ್ಕೆ ಮುದೀರ್‌ಗೆ ಅವಮಾನವಾಯಿತು, ಅವನ ಮುಖ ಬದಲಾಯಿತು. "ಖಲಾಸ್," ಎಂದ, ಬಾಗಿಲು ತೋರಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ತುತ್ತನ್ನು ತಟ್ಟಿ ಬೀಳಿಸಿದ ಕೈ ನನ್ನದು. ಪಪ್ಪ ಇಳಿದುಬಂದು ಕೊಳೆಯಾದ ಹಿಮವನ್ನೆಲ್ಲ ಕೈಯಲ್ಲಿ ಗೋರಿ, ಇಸ್ತ್ರಿ ಹಾಕಿದ ಅಂಗಿಯ ಮಡಿಲಿಗೆ ತುಂಬಿಕೊಂಡು ಹೊರಗೆ ಹಾಕಿದರು. ದೋಣಿಯನ್ನು ಒಯ್ಯಲು ಬಿಡಲಿಲ್ಲ, ಅದು ಅಲ್ಲೇ ಉಳಿಯಿತು. ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರಲಿಲ್ಲ, ಹಿಂದೆ ನಿಂತರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ತಿಳಿದಿರಲಾರದು ಎಂದು ನಾನು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಸಂಜೆಯವರೆಗೂ ಉಳಿಯಲಿಲ್ಲ. ಊಟದ ಮೊದಲು ಎಂದಿನಂತೆ ನನ್ನ ತಲೆ ನೇವರಿಸಲು ಕೈ ಚಾಚಿದವರು ಅರ್ಧದಲ್ಲೇ ನಿಲ್ಲಿಸಿ, ಕೈಯನ್ನು ತಮ್ಮ ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿಕೊಂಡರು. ಆಮೇಲೆ ಮುಟ್ಟಿದರು.

ಆರು ತಿಂಗಳ ಗಡುವು ಮುಗಿದು ಮನೆ ಖಾಲಿಯಾಯಿತು. ಬಸಳೆಯ ಡಬ್ಬ ಹಮೀದಾಕನಿಗೆ ಹೋಯಿತು. ಅಮ್ಮನೂ ನಾನೂ ಊರಿಗೆ ಹೋದೆವು, ಪಪ್ಪ ಎಂಟು ಮಂದಿಯ ರೂಮಿನಲ್ಲಿ ಒಂದು ಮಂಚವಾದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು, ಪ್ರತಿ ಸಲವೂ ನನ್ನನ್ನು ಮುಟ್ಟುವ ಮೊದಲು ಕೈ ಮೂಸುತ್ತಿದ್ದರು. ನನ್ನ ಮದುವೆಯಲ್ಲಿ ಅಕ್ಷತೆ ಹಾಕುವ ಮೊದಲೂ ಮೂಸಿದರು. ಮದುವೆಯಾಗಿ ನಾನು ಗಂಡನ ಜೊತೆ ಮತ್ತೆ ಕುವೈತಿಗೇ ಬಂದೆ. ನನ್ನ ಮಗನನ್ನು ಮೊದಲ ಸಲ ಎತ್ತಿಕೊಳ್ಳುವಾಗ ಬಚ್ಚಲಿಗೆ ಹೋಗಿ ಸೋಪು ಹಾಕಿ ಬಂದು ಮತ್ತೂ ಮೂಸಿದರು. ಇದೆಂಥ ಚಾಳಿ ಎಂದು ಮನೆಯವರೆಲ್ಲ ತಮಾಷೆ ಮಾಡುತ್ತಿದ್ದರು, ನಾನೂ ನಗುತ್ತಿದ್ದೆ. ಕ್ಷಮೆ ಕೇಳಲು ಹದಿನೇಳು ವರ್ಷ ಇದ್ದವು. ಕೇಳಲಿಲ್ಲ. ಪಪ್ಪ ಹೋಗಿ ಎರಡು ವರ್ಷವಾಯಿತು. ಅಬ್ಬಾಸಿಯಾದ ಆ ಕಟ್ಟಡವನ್ನೂ ಕೆಡವಿದ್ದಾರೆ, ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

ಗುಳಿಗೆ ಉಗಿದ ಮಗನಿಗೆ ಆ ಶುಕ್ರವಾರ ಸಂಜೆಯೇ ಸ್ನೋ ನೋಡುವ ಹಟ. ನಾನು ಹೋಗಬಾರದು ಎಂದುಕೊಂಡಿದ್ದ ಹಾಲ್‌ಗೇ ಕರೆದುಕೊಂಡು ಹೋದೆ. ಗೋಡೆಯ ಪಕ್ಕ ನೀಲಿ ಪ್ಲಾಸ್ಟಿಕ್ ಸ್ಲೆಡ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮೇಲೆದ್ದ ಮೂತಿ, ಅಡಿಯಲ್ಲಿ ಎರಡು ಏಣು, ಕೂರುವಲ್ಲಿ ತಗ್ಗು. ಒಂದನ್ನು ಎಳೆದು ನೋಡಿದೆ, ಮೂತಿಯ ಮೇಲೆ ಸಣ್ಣ ಕುಳಿ. ಇನ್ನೊಂದನ್ನು ಎಳೆದೆ, ಅದರಲ್ಲೂ ಇತ್ತು. ಎಲ್ಲದರಲ್ಲೂ ಇತ್ತು. ಪಪ್ಪನ ದೋಣಿಯಿಂದ ಅಚ್ಚು ತೆಗೆದ ಕಳ್ಳರು ಅದೊಂದನ್ನೂ ಬಿಡದೆ ತೆಗೆದಿದ್ದರು. ಪಪ್ಪನ ಹೆಸರು ಎಲ್ಲೂ ಇಲ್ಲ, ನನ್ನ ಬೆರಳು ಮಾತ್ರ ಇದೆ, ಅವರತ್ತ ತೋರಿಸಿದ ಅದೇ ಬೆರಳು. ಒತ್ತಿ ನೋಡಿದೆ. ಉಗುರಿನವರೆಗೆ ಹೋಗಿ ನಿಂತಿತು.

ಸ್ಲೆಡ್ ಹಂಚುವವನಿಗೆ, "ಇದನ್ನು ಮಾಡಿದ್ದು ನನ್ನ ತಂದೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಧ್ವನಿ ಜೋರಾಗಿಯೇ ಇತ್ತು, ಸಾಲಿನಲ್ಲಿದ್ದವರು ತಿರುಗಿ ನೋಡಿದರು.

"ಓಕೆ ಮೇಡಂ. ಬೇಬಿಯ ಜಿಪ್ ಹಾಕಿ," ಎಂದ ಅವನು.

ಮಗ ಜಾರಿದ. ಒಂದಿಷ್ಟೂ ತಿರುಗದೆ, ಯಾರಿಗೂ ತಗಲದೆ ನೇರ ಕೆಳಗಿಳಿದ. ಕೆನ್ನೆ ಕೆಂಪು ಮಾಡಿಕೊಂಡು, "ಅಗೇನ್, ಮಮ್ಮಾ!" ಎನ್ನುತ್ತ ಓಡಿಬಂದು ನನ್ನ ಮುಂದೆ ನಿಂತ. ಟೋಪಿ ವಾರೆಯಾಗಿತ್ತು. ಸರಿಮಾಡಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು, ನಾನು ಅದನ್ನು ಮೊದಲು ಮೂಗಿನ ಹತ್ತಿರ ಹಿಡಿದೆ. ಬೆಳಗಿನ ವಾಸನೆ ಇನ್ನೂ ಹೋಗಿರಲಿಲ್ಲ.