ಮಾಲನಬಿ ಒಪ್ಪಿದ ಆಯೇರಿ

‘ಮೊದಲ ಆ ಫ್ಲೆಕ್ಸ್ ಇಳಸ್ರಿ. ಆಮ್ಯಾಲೆ ಮಾತು.’

ಇಂಡಿ ಪಟ್ಟಣದ ಸಭಾಭವನದ ಬಾಗಿಲಲ್ಲೇ ನಿಂತು ಮಾಲನಬಿ ಹೀಗೆಂದಾಗ, ಮೈಕ್ ಹಿಡಿದಿದ್ದ ನನ್ನ ಬಾಯಿ ಕಟ್ಟಿಹೋಯಿತು. (ನನ್ನ ಬಾಯಿ ಮುಚ್ಚಿಸುವುದು ಸಣ್ಣ ಕೆಲಸವಲ್ಲ, ನಿಮಗೆ ಗೊತ್ತೇ ಇದೆ!)

ವಿಷಯ ಇಷ್ಟು. ಮಾಲನಬಿಯವರ ಗಂಡ ಗಡಿಯಲ್ಲಿ ಹುತಾತ್ಮನಾದ ಯೋಧ. ಮಗಳು ರೇಷ್ಮಾಗೆ ನರ್ಸಿಂಗ್ ಸೀಟು ಸಿಕ್ಕಿದೆ. ಪೆನ್ಶನ್ ಎಲ್ಲ ಮನೆಖರ್ಚಿಗೆ, ಅತ್ತೆಯ ಡಯಾಲಿಸಿಸ್‌ಗೆ ಹೋಗುತ್ತದೆ. ಸೋಮವಾರದೊಳಗೆ ಫೀ ಕಟ್ಟದಿದ್ದರೆ ಸೀಟು ಇನ್ಯಾರಿಗೋ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಾವೊಂದಿಷ್ಟು ಗೆಳೆಯರು ಹಣ ಕೂಡಿಸಿದೆವು.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಿದೆವಾ? ಸ್ಟೇಜ್ ಹಾಕಿಸಿದೆವು. ಬಾಗಿಲಗಲದ ಚೆಕ್ ಮಾಡಿಸಿದೆವು. ಫ್ಲೆಕ್ಸ್‌ನಲ್ಲಿ ದಾನಿಗಳ ಮುಖ ಕುಂಬಳಕಾಯಿಯಷ್ಟು, ಯೋಧನ ಮುಖ ಲಿಂಬೆಹಣ್ಣಿನಷ್ಟು!

‘ನಮ್ಮ ಮನಿಯವ್ರು ಯಾರ ಮುಂದೂ ಕೈ ಒಡ್ಡಿದವ್ರಲ್ಲ. ಅವರ ಮಗಳು ಸ್ಟೇಜ್ ಮ್ಯಾಲೆ ನಿಂತು ದಾನ ಇಸ್ಕೊಳ್ಳೂದಿಲ್ರಿ,’ ಎಂದರು ಮಾಲನಬಿ.

‘ಸೀಟು ಹೋಗ್ತೈತ್ರಿ, ಅಕ್ಕಾರ,’ ಎಂದು ನಮ್ಮವರೊಬ್ಬರು ಹೆದರಿಸಿ ನೋಡಿದರು.

‘ಹೋಗ್ಲಿ.’

ಪಕ್ಕದಲ್ಲಿ ರೇಷ್ಮಾ ತುಟಿ ಕಚ್ಚಿ ನಿಂತಿದ್ದಳು. ಅಳಲಿಲ್ಲ. ತಾಯಿಯ ಕೈಯನ್ನೂ ಬಿಡಲಿಲ್ಲ.

ಆಗ ಎದ್ದವರು ನಮ್ಮ ಗುಂಪಿನ ಹಿರಿಯ, ಲಿಂಬೆಹಣ್ಣಿನ ವ್ಯಾಪಾರಿ ಗುರಪ್ಪಣ್ಣ. ತಾವೇ ಹಗ್ಗ ಬಿಚ್ಚಿ ಫ್ಲೆಕ್ಸ್ ಸುತ್ತಿಟ್ಟರು. (ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಮುಖ ಅವರದೇ!) ಆಮೇಲೆ ಕೇಳಿದರು: ‘ತಂಗೀ, ದಾನ ಬ್ಯಾಡ ಬಿಡು. ಆಯೇರಿ ಅಂದ್ರ ತಗೋತೀಯೇನು?’

ನಮ್ಮ ಕಡೆ ಮದುವೆ, ಮುಂಜಿ, ತೊಟ್ಟಿಲು ಏನೇ ಇರಲಿ, ಬಳಗದವರು ಆಯೇರಿ ಮಾಡುತ್ತಾರೆ. ಬಟ್ಟೆಯೋ ದುಡ್ಡೋ, ಕೈಲಾದದ್ದು. ಪಡೆದವರು ಅದಕ್ಕೆ ತಲೆ ತಗ್ಗಿಸುವುದಿಲ್ಲ. ಏಕೆಂದರೆ ನಾಳೆ ಇನ್ನೊಬ್ಬರ ಮನೆ ಕಾರ್ಯಕ್ಕೆ ಇವರೂ ಮಾಡುತ್ತಾರೆ. ಬಳಗ ಅಂದರೆ ಅದೇ ಅಲ್ಲವೇ?

ಮಾಲನಬಿ ಸುತ್ತಿಟ್ಟ ಫ್ಲೆಕ್ಸಿನ ಕಡೆ ಒಮ್ಮೆ ನೋಡಿ ಹೇಳಿದರು: ‘ಆಯೇರಿ ಆದ್ರ ನಮ್ಮ ಮನಿಗೆ ಬರ್ರಿ. ಉಂಡು ಹೋಗ್ಬೇಕು ಮತ್ತ.’

ಭಾನುವಾರ ಹೋದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಚಟ್ನಿ. ಗುರಪ್ಪಣ್ಣ ಎಲೆ ಅಡಿಕೆಯ ಜೊತೆ ಲಕೋಟೆಯನ್ನು ರೇಷ್ಮಾಳ ಕೈಗಿಟ್ಟರು. ಮಾಲನಬಿ ಸಂಪ್ರದಾಯ ಬಿಡದೆ ಗುರಪ್ಪಣ್ಣನಿಗೆ ಟವೆಲ್ ಹೊದಿಸಿದರು. ಒಂದು ಸೆಲ್ಫಿಯೂ ಇಲ್ಲ, ಒಂದು ಭಾಷಣವೂ ಇಲ್ಲ. ಇಂಥ ಜನರ ನಡುವೆ ಹುಟ್ಟಿದೆನಲ್ಲ ಎಂದು ನನಗೆ ಎದೆ ಉಬ್ಬಿ ಬಂತು. ಮರುದಿನ ರೇಷ್ಮಾ ಫೀ ಕಟ್ಟಿ ಹಾಸ್ಟೆಲ್ ಸೇರಿದಳು.

ಮೊನ್ನೆ ಮಾಲನಬಿಯವರ ಫೋನ್. ‘ಅಣ್ಣಾರ, ಸಿಂದಗಿ ಕಡೆ ಇನ್ನೊಬ್ಬ ಯೋಧನ ಮಗನ್ನ ಸಾಲಿಗಿ ಹಚ್ಚಾಕತ್ತೀರಂತ. ಸಣ್ಣದ ಇರ್ಲಿ, ನಂದೂ ಒಂದು ಆಯೇರಿ ಐತಿ. ಯಾವತ್ತು ಬರ್ಲಿ ಹೇಳ್ರಿ.’

ಸರ್ಕಾರಿ ಭಾಷೆಯಲ್ಲಿ ಇಂಥವರನ್ನು ‘ಫಲಾನುಭವಿ’ ಎನ್ನುತ್ತಾರೆ. ಮಾಲನಬಿಯ ಎದುರು ನಿಂತು ಆ ಮಾತು ಆಡುವ ಗುಂಡಿಗೆ ಯಾರಿಗಿದೆ, ಹೇಳಿ?